ಕೈ ಎತ್ತಿ ಹೊರನಡೆದ ಹುಡುಗ: ಸಂಪಾದಕರ ಉತ್ತರ

ಮಾನ್ಯರೇ,

ತಾಲ್ಲೂಕು ಮಟ್ಟದ ಪ್ರೌಢಶಾಲಾ ಕಬಡ್ಡಿ ಪಂದ್ಯದ ಬಗ್ಗೆ ತಾವು ಬರೆದ ಪತ್ರ ತಲುಪಿದೆ. ಕೊನೆಯ ರೈಡ್‌ನಲ್ಲಿ ಎದುರಾಳಿಯ ಬೆರಳು ಭುಜಕ್ಕೆ ತಾಗಿದ್ದನ್ನು ತೀರ್ಪುಗಾರರು ಗಮನಿಸದಿದ್ದರೂ ತಮ್ಮೂರಿನ ಹುಡುಗ ತಾನಾಗಿಯೇ ಕೈ ಎತ್ತಿ ಅಂಕಣದಿಂದ ಹೊರನಡೆದ, ತಂಡ ಒಂದೇ ಅಂಕದಿಂದ ಸೋತಿತು, ಜೊತೆಗೆ ಬಂದಿದ್ದ ಶಿಕ್ಷಕರು ಎಲ್ಲರೆದುರು ಅವನನ್ನು ದಡ್ಡನೆಂದು ಬೈದರು ಎಂದು ತಿಳಿಸಿ, ಎರಡು ಪ್ರಶ್ನೆ ಕೇಳಿದ್ದೀರಿ. ಆಟ ಮಕ್ಕಳ ಗುಣವನ್ನು ತಿದ್ದುತ್ತದೆ ಎನ್ನುವುದು ಬರೀ ಭಾಷಣದ ಮಾತೇ? ಇಂಥ ಮಕ್ಕಳಿಗೆ ಶಾಲಾ ಕ್ರೀಡಾಕೂಟಗಳಲ್ಲಿ ಪ್ರತ್ಯೇಕ ಪದಕ ಕೊಡಬಾರದೇ?

ಆಟ ತಾನಾಗಿಯೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡದು. ಟಚ್ ಒಪ್ಪಿಕೊಳ್ಳುವುದನ್ನು ಕಲಿಯುವ ಅಂಕಣದಲ್ಲಿಯೇ, ತೀರ್ಪುಗಾರರ ಕಣ್ಣು ಅತ್ತ ಹೊರಳಿದಾಗ ಎದುರಾಳಿಯ ಬನಿಯನ್ ಹಿಡಿದೆಳೆಯುವುದನ್ನೂ ಕಲಿಯಬಹುದು. ಮಗು ಎರಡರಲ್ಲಿ ಯಾವುದನ್ನು ಮೈಗೂಡಿಸಿಕೊಳ್ಳುತ್ತದೆ ಎಂಬುದು, ಗೆರೆಯಾಚೆ ನಿಂತ ಹಿರಿಯರು ಯಾವುದಕ್ಕೆ ಚಪ್ಪಾಳೆ ತಟ್ಟುತ್ತಾರೆ, ಯಾವುದಕ್ಕೆ ಮುಖ ಗಂಟಿಕ್ಕುತ್ತಾರೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಬೆಳಿಗ್ಗೆ ಪಥಸಂಚಲನ ಮುಗಿಸಿ ಮಕ್ಕಳಿಂದ ಪ್ರತಿಜ್ಞಾವಿಧಿ ಹೇಳಿಸಿ, ಮಧ್ಯಾಹ್ನ ಅದರಂತೆ ನಡೆದವನನ್ನೇ ಗದರಿಸಿದರೆ ಮಕ್ಕಳು ನಂಬುವುದು ಮಧ್ಯಾಹ್ನದ ಮಾತನ್ನೇ.

ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮಾತ್ರ ನಾವು ಮಕ್ಕಳಿಂದ ಮುಚ್ಚಿಡಬಾರದು. 1980ರ ಫೆಬ್ರುವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಿದ್ದವರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿದ್ದ ಹೊತ್ತಿನಲ್ಲಿ ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಎಂದು ತೀರ್ಪಿತ್ತರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾಗಿದ್ದ ವಿಶ್ವನಾಥ್, ಟೇಲರ್ ಅವರನ್ನು ವಾಪಸು ಕರೆಸಿದರು. ಟೇಲರ್ ಇಯಾನ್ ಬೋಥಮ್ ಜೊತೆಗೂಡಿ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕತ್ವ ವಹಿಸಿದ್ದು ಒಟ್ಟು ಎರಡೇ ಟೆಸ್ಟ್‌ಗಳಲ್ಲಿ. ಇದು ಅವುಗಳಲ್ಲಿ ಎರಡನೆಯದು. ಈ ಕಥೆಯನ್ನು ಶಾಲೆಗಳಲ್ಲಿ ಹೇಳುವವರು ಸಾಮಾನ್ಯವಾಗಿ ಟೇಲರ್ ಮರಳಿ ಬಂದಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸೋಲಿನವರೆಗೂ ಹೇಳಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ತಮ್ಮೂರಿನ ಹುಡುಗ ನಿಂತಿರುವುದು ಕಥೆಯ ಆ ಭಾಗದಲ್ಲಿ.

ಆ ಶಿಕ್ಷಕರ ಕೋಪವೂ ನನಗೆ ಅರ್ಥವಾಗದ್ದಲ್ಲ. ಗೆಲ್ಲಬೇಕೆಂಬ ಹಟವಿಲ್ಲದೆ ಆಟವೇ ಇಲ್ಲ. 2012ರ ಡಿಸೆಂಬರಿನಲ್ಲಿ ಸ್ಪೇನಿನ ಬುರ್ಲಾಡಾದ ಗುಡ್ಡಗಾಡು ಓಟದಲ್ಲಿ ಮುಂದಿದ್ದ ಕೀನ್ಯಾದ ಆಬೆಲ್ ಮುಟೈ ಗುರಿ ಮುಟ್ಟಿದೆನೆಂದು ಭ್ರಮಿಸಿ ಮೊದಲೇ ನಿಂತುಬಿಟ್ಟಾಗ, ಹಿಂದೆ ಬರುತ್ತಿದ್ದ ಇವಾನ್ ಫರ್ನಾಂಡಿಸ್ ಅನಾಯಾ, ಮುಟೈ ಅವರನ್ನು ದಾಟದೆ ಗುರಿಯತ್ತ ಕೈ ತೋರಿಸಿ ಎರಡನೆಯ ಸ್ಥಾನಕ್ಕೇ ತೃಪ್ತರಾದರು. ಅವರ ತರಬೇತುದಾರ, ಮ್ಯಾರಥಾನ್ ಓಟದ ಮಾಜಿ ವಿಶ್ವ ಚಾಂಪಿಯನ್ ಮಾರ್ಟಿನ್ ಫಿಸ್, ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಆ ನಡೆಯಿಂದ ಶಿಷ್ಯ ಒಳ್ಳೆಯ ಮನುಷ್ಯನಾದನೆಂದೂ ಒಪ್ಪಿಕೊಂಡರು. ಗುರುವಿಗೆ ಅಸಮಾಧಾನವಿರಬಹುದು, ಅದನ್ನು ಹೇಳಲೂಬಹುದು. ಆದರೆ ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗನನ್ನು ಸಹಪಾಠಿಗಳ ಮುಂದೆ ಹೀಯಾಳಿಸಿದರೆ ತಂಡದ ಉಳಿದವರೆಲ್ಲರೂ ಇನ್ನು ಮುಂದೆ ಟಚ್ ಆದರೂ ಸುಮ್ಮನಿರಬೇಕೆಂಬ ಪಾಠ ಕಲಿಯುತ್ತಾರೆ.

ಇದಕ್ಕಿಂತ ಕೆಟ್ಟ ಪಾಠವೊಂದು ಅಂಕಣಕ್ಕೆ ಇಳಿಯುವ ಮೊದಲೇ ನಡೆಯುತ್ತದೆ. 14, 17, 19 ವರ್ಷದೊಳಗಿನವರೆಂದು ವಿಂಗಡಿಸಿದ ಕೂಟಗಳಲ್ಲಿ ಜನ್ಮದಿನಾಂಕ ತಿದ್ದುವುದು, ಮತ್ತೊಂದು ಶಾಲೆಯ ಬಲಿಷ್ಠ ಹುಡುಗನನ್ನು ತಮ್ಮ ಹಾಜರಿ ಪುಸ್ತಕಕ್ಕೆ ಸೇರಿಸಿಕೊಳ್ಳುವುದು ಮಕ್ಕಳ ಕೈಯಲ್ಲಾಗುವ ಕೆಲಸಗಳಲ್ಲ. 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದ ರಾಹುಲ್ ದ್ರಾವಿಡ್, ಹೆತ್ತವರು ಮತ್ತು ತರಬೇತುದಾರರೇ ಸುಳ್ಳು ದಾಖಲೆ ಸೃಷ್ಟಿಸುವುದನ್ನು ಕಂಡ ಮಗು ಮೋಸಗಾರನಾಗದೆ ಇನ್ನೇನಾದೀತು ಎಂಬರ್ಥದಲ್ಲಿ ಕೇಳಿದ್ದರು. ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ಅಳೆಯುವ ಕ್ರಮವನ್ನು ಕ್ರಿಕೆಟ್ ಮಂಡಳಿ ಕಿರಿಯರ ಟೂರ್ನಿಗಳಿಗಾಗಿ ಅಳವಡಿಸಿಕೊಂಡಿದೆ. ತಾಲ್ಲೂಕು ಕೂಟಕ್ಕೆ ಅಷ್ಟೆಲ್ಲ ಆಗದ ಮಾತು. ಅಲ್ಲಿ ಮುಖ್ಯೋಪಾಧ್ಯಾಯರ ಸಹಿಯೇ ಎಕ್ಸ್-ರೇ.

ಪದಕದ ಸಲಹೆಯನ್ನು ನಾನು ಒಪ್ಪಲಾರೆ. ಬಹುಮಾನವಿದೆಯೆಂದು ಗೊತ್ತಾದ ಮರುವರ್ಷವೇ, ಗೆದ್ದಾಗಿರುವ ಪಂದ್ಯದಲ್ಲಿ ಆಗದ ಟಚ್‌ಗೆ ಕೈ ಎತ್ತುವ ಹುಡುಗರು ಹುಟ್ಟಿಕೊಳ್ಳುತ್ತಾರೆ, ಅವರಿಗೆ ಹಾಗೆ ಹೇಳಿಕೊಡುವ ಹಿರಿಯರೂ ಸಿಗುತ್ತಾರೆ. ಅದಕ್ಕಿಂತ ಆಗಬಹುದಾದ ಕೆಲಸಗಳು ಬೇರೆ ಇವೆ. ಪಂದ್ಯಕ್ಕೆ ಮುನ್ನ ಎರಡೂ ತಂಡಗಳ ಶಿಕ್ಷಕರು ಪರಸ್ಪರರ ವಯಸ್ಸಿನ ದಾಖಲೆಗಳನ್ನು ನೋಡಿ ಸಹಿ ಹಾಕಲಿ. ತೀರ್ಪುಗಾರರನ್ನು ಆಡುವ ಶಾಲೆಗಳ ಹೊರಗಿನಿಂದ ಕರೆಸಲಿ. ತೀರ್ಪಿನ ಬಗ್ಗೆ ತಕರಾರಿದ್ದರೆ ನಾಯಕನೊಬ್ಬನೇ ಮಾತನಾಡಲಿ, ಪೋಷಕರು ಗೆರೆಯಾಚೆಯೇ ಇರಲಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇವನ್ನು ತಾವೇ ಮಂಡಿಸಬಹುದು. ಅದೇ ಸಭೆಯಲ್ಲಿ, ಆ ಹುಡುಗನನ್ನು ಮುಂದಿನ ತಂಡದಿಂದ ಕೈಬಿಡುವ ಮಾತು ಬಂದರೆ, ಅವನ ಹಿಡಿತ ಮತ್ತು ಕಾಲಿನ ಚುರುಕನ್ನಷ್ಟೇ ನೋಡಿ ಆಯ್ಕೆ ನಡೆಯಬೇಕೆಂದು ಪಟ್ಟು ಹಿಡಿಯಿರಿ.

— ಸಂಪಾದಕ