ಬಾಗಿಲು ಒಡೆದ ಮೇಲೆ ಏನು ಮಾಡುತ್ತೀರಿ?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ವರ್ಷಗಟ್ಟಲೆ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವರು ಅನ್ನುವುದನ್ನು ಮಾತ್ರ ಹೇಳುತ್ತೇನೆ, ಯಾಕೆಂದರೆ ನಿಮ್ಮ ಸಿಟ್ಟು ಎಲ್ಲಿಂದ ಬಂದಿದೆ ಎಂದು ಓದುಗರಿಗೆ ಗೊತ್ತಾಗಬೇಕು.

ಪತ್ರ ನೋಡದವರಿಗಾಗಿ ವಿಷಯ ಇಷ್ಟು. ಕಳೆದ ಸಂಚಿಕೆಯಲ್ಲಿ ನಾನು, ಎಷ್ಟೇ ಬಲಶಾಲಿ ದೇಶವಾದರೂ ಇನ್ನೊಂದು ದೇಶದೊಳಗಿನ ಜಗಳಕ್ಕೆ ಎಂದಿಗೂ ಸೇನೆ ಕಳಿಸಬಾರದು ಎಂದು ಬರೆದಿದ್ದೆ. ನೀವು ಕೇಳಿದಿರಿ: "ಪಕ್ಕದ ಮನೆಯಲ್ಲಿ ಒಬ್ಬ ಹೆಂಡತಿ ಮಕ್ಕಳನ್ನು ಸಾಯುವ ಹಾಗೆ ಹೊಡೆಯುತ್ತಿದ್ದಾನೆ. ಕೂಗು ಕೇಳಿಸುತ್ತಿದೆ. ನಿಮ್ಮ ತೋಳಲ್ಲಿ ಶಕ್ತಿ ಇದೆ. ಊರ ಉಸಾಬರಿ ನಮಗ್ಯಾಕೆ ಅಂತ ಚಿಲಕ ಹಾಕಿಕೊಂಡು ಮಲಗುತ್ತೀರಾ?" ಪತ್ರದ ಕೊನೆಯಲ್ಲಿ ಒಂದೇ ಪದ ಬರೆದು ಅಡಿಗೆರೆ ಎಳೆದಿದ್ದೀರಿ. ರುವಾಂಡಾ.

ಆ ಪದಕ್ಕೆ ನನ್ನ ಬರಹದಲ್ಲಿ ಉತ್ತರ ಇರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

1994ರ ಏಪ್ರಿಲ್ 6ರ ರಾತ್ರಿ ರುವಾಂಡಾದ ಅಧ್ಯಕ್ಷರಿದ್ದ ವಿಮಾನವನ್ನು ಹೊಡೆದುರುಳಿಸಿದರು. ಅಲ್ಲಿಂದ ಬಹುಸಂಖ್ಯಾತ ಹುಟು ಜನಾಂಗದ ಉಗ್ರರು ಸುಮಾರು 100 ದಿನ ನಡೆಸಿದ ಕೊಲೆಗಳಲ್ಲಿ 8 ಲಕ್ಷದಷ್ಟು ಜನ ಸತ್ತರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹೆಚ್ಚಿನವರು ಅಲ್ಪಸಂಖ್ಯಾತ ಜನಾಂಗದ ತುತ್ಸಿಗಳು, ಜೊತೆಗೆ ಅವರನ್ನು ಕೊಲ್ಲಲು ಒಪ್ಪದ ಹುಟುಗಳು. ಇಷ್ಟು ನಿಮಗೆ ಗೊತ್ತಿದೆ. ನನ್ನನ್ನು ಕಾಡುವುದು ಬೇರೆ. ಆಗ ಅಲ್ಲಿ ವಿಶ್ವಸಂಸ್ಥೆಯ ಪಡೆ ಇತ್ತು. ಸುಮಾರು 2,500 ಸೈನಿಕರು, ಅವರ ಮೇಲೆ ಕೆನಡಾದ ಜನರಲ್ ರೋಮಿಯೋ ಡಲ್ಲೇರ್. ಕೊಲೆ ಶುರುವಾಗುವ ಮೂರು ತಿಂಗಳ ಮೊದಲೇ, ಜನವರಿಯಲ್ಲಿ, ಆಯುಧಗಳನ್ನು ಬಚ್ಚಿಟ್ಟಿರುವ ಜಾಗದ ಸುಳಿವು ಅವರಿಗೆ ಸಿಕ್ಕಿತ್ತು. ಹೋಗಿ ವಶಪಡಿಸಿಕೊಳ್ಳುತ್ತೇನೆ ಎಂದು ವಿಶ್ವಸಂಸ್ಥೆಯ ಮುಖ್ಯ ಕಚೇರಿ ಇರುವ ನ್ಯೂಯಾರ್ಕ್‌ಗೆ ಬರೆದರು. ಬೇಡ ಎಂದು ಉತ್ತರ ಬಂತು. ಕೊಲೆ ಶುರುವಾದ ಮರುದಿನ ಬೆಲ್ಜಿಯಂನ ಹತ್ತು ಸೈನಿಕರನ್ನು ಕೊಂದರು, ಬೆಲ್ಜಿಯಂ ತನ್ನವರನ್ನು ವಾಪಸ್ ಕರೆಸಿಕೊಂಡಿತು. ಏಪ್ರಿಲ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೇರಿತು. ಡಲ್ಲೇರ್ ಜಾಸ್ತಿ ಜನ ಕೇಳುತ್ತಿದ್ದರು. ಮಂಡಳಿ ಇರುವ ಪಡೆಯನ್ನೇ 270ಕ್ಕೆ ಇಳಿಸಬೇಕೆಂದು ತೀರ್ಮಾನಿಸಿತು.

ರಾಜಧಾನಿ ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ 2,000ದಷ್ಟು ಜನ ಜೀವ ಉಳಿಸಿಕೊಳ್ಳಲು ಬಂದು ಸೇರಿದ್ದರು. ಅಲ್ಲಿ ಬೆಲ್ಜಿಯಂ ಸೈನಿಕರ ಒಂದು ಸಣ್ಣ ತುಕಡಿ ಇತ್ತು. ಆ ತುಕಡಿ ಇರುವಷ್ಟು ದಿನ ಕೊಲೆಗಾರರು ಹೊರಗೇ ಸುತ್ತುತ್ತಿದ್ದರು. ಏಪ್ರಿಲ್ 11ರಂದು ಸೈನಿಕರು ಹೊರಟುಹೋದರು. ಒಳಗಿದ್ದವರಲ್ಲಿ ಹೆಚ್ಚಿನವರು ಅದೇ ದಿನ ಸತ್ತರು. ಮೇಷ್ಟ್ರೇ, ಇದನ್ನು ತಿಳಿದೂ "ಎಂದಿಗೂ" ಅನ್ನುವ ಪದ ಬರೆಯಬಾರದಿತ್ತು. ಬರೆದೆ. ಅದು ತಪ್ಪು.

ಆದರೆ ರುವಾಂಡಾದಿಂದ ನೀವು ಹೊರಡಿಸುವ ತೀರ್ಮಾನ, ಅಂದರೆ ಬಲ ಇರುವವರು ಹೋಗಲೇಬೇಕು ಅನ್ನುವುದು, ನನಗೆ ಇನ್ನೂ ಒಪ್ಪಿಗೆಯಿಲ್ಲ. ಅಲ್ಲಿ ಕೇಳಿದ್ದು ತುಂಬಾ ಸಣ್ಣದು. ಇನ್ನೊಂದಷ್ಟು ಸಾವಿರ ಸೈನಿಕರು, ಗುಂಡು ಹಾರಿಸಲು ಅನುಮತಿ, ಬಾಗಿಲಲ್ಲಿ ನಿಂತವರು ನಿಂತೇ ಇರಬೇಕು ಅನ್ನುವ ಆದೇಶ. ರುವಾಂಡಾವನ್ನು ಆಳಿ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ಮತ್ತೆ ಯಾಕೆ ಹೋಗಲಿಲ್ಲ? ಅದಕ್ಕೆ ಹಿಂದಿನ ವರ್ಷದ ಸೊಮಾಲಿಯಾ ನೋಡಬೇಕು. 1992ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈನಿಕರು ಅಲ್ಲಿಗೆ ಇಳಿದದ್ದು ಬರಗಾಲದಲ್ಲಿ ಸಾಯುತ್ತಿದ್ದವರಿಗೆ ಆಹಾರ ತಲುಪಿಸಲು. ಒಳ್ಳೆಯ ಕೆಲಸ, ಸಾವಿರಾರು ಜನ ಬದುಕಿಕೊಂಡರು. ಆಮೇಲೆ ನಿಧಾನಕ್ಕೆ ಕೆಲಸವೇ ಬದಲಾಯಿತು. ಅನ್ನ ಕೊಡಲು ಹೋದವರು ಐದೀದ್ ಎಂಬ ಪುಂಡ ನಾಯಕನನ್ನು ಹಿಡಿಯಲು ಹೊರಟರು. 1993ರ ಅಕ್ಟೋಬರ್‌ನಲ್ಲಿ ಅಲ್ಲಿನ ರಾಜಧಾನಿ ಮೊಗದಿಶುವಿನ ಬೀದಿಗಳಲ್ಲಿ ನಡೆದ ಒಂದೇ ಕಾಳಗದಲ್ಲಿ 18 ಅಮೆರಿಕನ್ ಸೈನಿಕರು, ನೂರಾರು ಸೊಮಾಲಿಗಳು ಸತ್ತರು. ಸೈನಿಕನ ಹೆಣವನ್ನು ಬೀದಿಯಲ್ಲಿ ಎಳೆದಾಡಿದ್ದನ್ನು ಇಡೀ ಅಮೆರಿಕ ಟಿವಿಯಲ್ಲಿ ನೋಡಿತು. ಇನ್ನೊಂದು ಆಫ್ರಿಕನ್ ದೇಶಕ್ಕೆ ಸೈನಿಕರನ್ನು ಕಳಿಸುವ ಮಾತು ಆಡಲು ಅಲ್ಲಿನ ಯಾವ ರಾಜಕಾರಣಿಗೂ ಧೈರ್ಯ ಉಳಿಯಲಿಲ್ಲ. ಆರು ತಿಂಗಳಿಗೆ ರುವಾಂಡಾ ಶುರುವಾಯಿತು. ಸೊಮಾಲಿಯಾದಲ್ಲಿ ಮಿತಿ ಮೀರಿದ್ದಕ್ಕೆ ಬೆಲೆ ಕೊಟ್ಟವರು ತುತ್ಸಿಗಳು ಎಂದೇ ನನಗೆ ಅನ್ನಿಸುತ್ತದೆ.

ಇದೇ ಇನ್ನೊಂದು ಸಲ ಆಯಿತು. ಆಗ ನಾನೂ ನಿಮ್ಮ ಕಡೆಯೇ ಇದ್ದೆ.

2011ರ ಮಾರ್ಚ್. ಲಿಬಿಯಾವನ್ನು ಆಳುತ್ತಿದ್ದ ಗಡಾಫಿಯ ಸೇನೆ ಬಂಡುಕೋರರ ಕೈಯಲ್ಲಿದ್ದ ಬೆಂಗಾಜಿ ನಗರದ ಹತ್ತಿರ ಬಂದಿತ್ತು. ದಯೆ ತೋರಿಸುವುದಿಲ್ಲ ಎಂದು ಆತ ರೇಡಿಯೋದಲ್ಲೇ ಹೇಳಿದ್ದ. ಮಾರ್ಚ್ 17ರಂದು ಭದ್ರತಾ ಮಂಡಳಿಯಲ್ಲಿ, ಲಿಬಿಯಾದ ಜನರನ್ನು ಕಾಪಾಡಲು ಬಲ ಬಳಸಬಹುದು ಎನ್ನುವ 1973ನೇ ನಿರ್ಣಯಕ್ಕೆ ಹತ್ತು ಮತ ಬಿತ್ತು. ಭಾರತ, ಜರ್ಮನಿ, ಬ್ರೆಜಿಲ್, ರಷ್ಯಾ, ಚೀನಾ ಮತ ಹಾಕದೆ ಕೂತವು. ಆ ಐದು ದೇಶಗಳ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ, ರುವಾಂಡಾದಿಂದ ಇವರು ಏನೂ ಕಲಿತಿಲ್ಲವೇ ಎಂದು ಗೆಳೆಯರ ಜೊತೆ ಗಂಟೆಗಟ್ಟಲೆ ಜಗಳ ಆಡಿದ್ದೇನೆ. ಎರಡು ದಿನಕ್ಕೆ ವಿಮಾನ ದಾಳಿ ಶುರುವಾಯಿತು. ಬೆಂಗಾಜಿಗೆ ಬರುತ್ತಿದ್ದ ಟ್ಯಾಂಕುಗಳು ಸುಟ್ಟುಹೋದವು. ಊರು ಉಳಿಯಿತು. ಇವತ್ತಿಗೂ ಅಷ್ಟು ಭಾಗ ಸರಿ ಎಂದೇ ನನ್ನ ನಂಬಿಕೆ.

ಆದರೆ ದಾಳಿ ಅಲ್ಲಿಗೆ ನಿಲ್ಲಲಿಲ್ಲ. ನಿರ್ಣಯದಲ್ಲಿ ಇದ್ದದ್ದು ಜನಸಾಮಾನ್ಯರನ್ನು ಕಾಪಾಡಿ ಎಂದು. ಗಡಾಫಿಯನ್ನು ಇಳಿಸಿ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಏಪ್ರಿಲ್‌ನಲ್ಲಿ ಆಫ್ರಿಕನ್ ಒಕ್ಕೂಟದವರು ಕದನವಿರಾಮದ ಒಂದು ಪ್ರಸ್ತಾಪ ಹಿಡಿದು ಹೋದರು. ಗಡಾಫಿ ಒಪ್ಪಿದ್ದಾನೆ ಎಂದೂ ಹೇಳಿದರು. ಗಡಾಫಿ ಇಳಿಯುವ ಮಾತು ಅದರಲ್ಲಿ ಇಲ್ಲವೆಂದು ಬಂಡುಕೋರರು ತಳ್ಳಿಹಾಕಿದರು, ಆಕಾಶದಲ್ಲಿ ಅವರ ಪರವಾಗಿ ಅಮೆರಿಕ, ಯುರೋಪಿನ ಸೇನಾ ಕೂಟವಾದ ನ್ಯಾಟೋದ ವಿಮಾನಗಳಿದ್ದಾಗ ಅವರು ಯಾಕೆ ಒಪ್ಪುತ್ತಾರೆ? ಅಕ್ಟೋಬರ್ 20ರಂದು ಗಡಾಫಿಯನ್ನು ಕೊಂದರು. ಅದೇ ತಿಂಗಳ ಕೊನೆಗೆ ನ್ಯಾಟೋ ಗಂಟುಮೂಟೆ ಕಟ್ಟಿತು. ಲಿಬಿಯಾದ ಗೋದಾಮುಗಳಲ್ಲಿದ್ದ ಆಯುಧಗಳು ಮರುಭೂಮಿ ದಾಟಿ ಮಾಲಿ ದೇಶಕ್ಕೆ ಹೋದವು. 2014ರ ಹೊತ್ತಿಗೆ ದೇಶದಲ್ಲಿ ಎರಡು ಸರ್ಕಾರ, ಎರಡನೇ ಅಂತರ್ಯುದ್ಧ. 2017ರಲ್ಲಿ ವಲಸೆ ಬಂದ ಕಪ್ಪು ಆಫ್ರಿಕನ್ನರನ್ನು ಅಲ್ಲಿ ಹರಾಜು ಹಾಕುವ ವಿಡಿಯೋ ಬಂತು. ಅದನ್ನು ನೋಡಿ ನಾನು ಆ ರಾತ್ರಿ ಮಲಗಲಿಲ್ಲ. ಗಡಾಫಿ ಬಿದ್ದ ಮಾರನೇ ದಿನಕ್ಕೆ ತಯಾರಿ ಮಾಡಿಕೊಳ್ಳದೆ ಹೋಗಿದ್ದು ತನ್ನ ಆಡಳಿತದ ಅತಿ ದೊಡ್ಡ ತಪ್ಪಿರಬಹುದು ಎಂದು ಒಬಾಮಾ ಆಮೇಲೆ ಹೇಳಿದರು.

ಇಷ್ಟೇ ಆಗಿದ್ದರೆ ಲಿಬಿಯಾದ ಕಷ್ಟ ಲಿಬಿಯಾಕ್ಕೆ ಮುಗಿಯುತ್ತಿತ್ತು. 2011ರ ಅದೇ ಅಕ್ಟೋಬರ್‌ನಲ್ಲಿ ಸಿರಿಯಾದ ಸರ್ಕಾರ ತನ್ನ ಜನರನ್ನು ಕೊಲ್ಲುತ್ತಿರುವುದನ್ನು ಖಂಡಿಸುವ ನಿರ್ಣಯ ಭದ್ರತಾ ಮಂಡಳಿಗೆ ಬಂತು. ಅದರಲ್ಲಿ ಸೇನೆಯ ಮಾತೇ ಇರಲಿಲ್ಲ. ರಷ್ಯಾ, ಚೀನಾ ವೀಟೋ ಹಾಕಿದವು. ಲಿಬಿಯಾದಲ್ಲಿ ಆಗಿದ್ದನ್ನು ನೋಡಿದ್ದೇವಲ್ಲ ಎಂದು ರಷ್ಯಾದ ಪ್ರತಿನಿಧಿ ಎತ್ತಿ ಆಡಿದರು. ರಷ್ಯಾಕ್ಕೆ ಸಿರಿಯಾದಲ್ಲಿ ತನ್ನದೇ ಲಾಭ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಂಥದ್ದೊಂದು ನೆಪವನ್ನು ಅದರ ಕೈಗೆ ಕೊಟ್ಟವರು ಯಾರು?

ಈಗ ನಿಮ್ಮ ಪಕ್ಕದ ಮನೆಗೆ ಬರುತ್ತೇನೆ. ಬಾಗಿಲು ಒಡೆದು ಒಳಗೆ ಹೋಗಿ ಹೊಡೆಯುವವನ ಕೈ ಹಿಡಿಯಿರಿ, ಸರಿ. ಆಮೇಲೆ? ಆ ಮನೆಯಲ್ಲೇ ಉಳಿದು, ಯಾರು ಯಜಮಾನ, ಯಾವ ಕೋಣೆ ಯಾರಿಗೆ, ಬೀರುವಿನ ಬೀಗ ಯಾರ ಹತ್ತಿರ ಎಂದು ನೀವು ಹೇಳತೊಡಗಿದರೆ ಅದು ಬೇರೆಯೇ ಕೆಲಸ. ಇರಾಕ್‌ನಲ್ಲಿ ಆದದ್ದು ಅದು, ಮತ್ತು ಅಲ್ಲಿ ಬಾಗಿಲು ಒಡೆಯಲು ಕೊಟ್ಟ ಕಾರಣವೇ ಸುಳ್ಳಾಗಿತ್ತು. ಇದೆ ಎಂದು 2003ರಲ್ಲಿ ಅಮೆರಿಕ ಹೇಳಿದ ಸಾಮೂಹಿಕ ವಿನಾಶದ ಆಯುಧ ಸಿಗಲೇ ಇಲ್ಲ. ಆ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಒಂದು ಆದೇಶದಲ್ಲಿ ಇರಾಕ್ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಜನ ಒಂದೇ ದಿನದಲ್ಲಿ ಕೆಲಸ, ಮರ್ಯಾದೆ ಎರಡನ್ನೂ ಕಳೆದುಕೊಂಡರು, ಕೈಯಲ್ಲಿ ಬಂದೂಕು ಮಾತ್ರ ಉಳಿಯಿತು. ಹನ್ನೊಂದು ವರ್ಷದ ಮೇಲೆ ಮೋಸುಲ್ ಐಸಿಸ್ ಕೈಗೆ ಬಿದ್ದಾಗ ಆ ಗುಂಪಿನಲ್ಲಿ ಸದ್ದಾಂ ಕಾಲದ ಅಧಿಕಾರಿಗಳೂ ಇದ್ದರು.

ನೀವು 1971 ಎತ್ತಿದ್ದೀರಿ. ನ್ಯಾಯವಾದ ಮಾತು. ಒಂದು ಕೋಟಿಯಷ್ಟು ನಿರಾಶ್ರಿತರು ಗಡಿ ದಾಟಿ ಬಂದಿದ್ದರು, ಡಿಸೆಂಬರ್ 3ರಿಂದ 16ರವರೆಗೆ ಯುದ್ಧ ನಡೆಯಿತು, ಮುಂದಿನ ಮಾರ್ಚ್‌ನಲ್ಲಿ ಭಾರತದ ಸೇನೆ ಬಾಂಗ್ಲಾದೇಶದಿಂದ ವಾಪಸ್ ಬಂತು. ಭಾರತದ ಮನಸ್ಸು ಪೂರ್ತಿ ನಿಸ್ವಾರ್ಥವಾಗಿತ್ತು ಎಂದು ನಾನು ಹೇಳುವುದಿಲ್ಲ, ಪಾಕಿಸ್ತಾನ ಒಡೆದರೆ ಭಾರತಕ್ಕೆ ಲಾಭವಿತ್ತು. ಅದು ಸುಸೂತ್ರವಾಗಿ ಮುಗಿದದ್ದಕ್ಕೆ ಕಾರಣ ಅಲ್ಲಿನ ಜನರೇ. ಹಿಂದಿನ ವರ್ಷದ ಚುನಾವಣೆಯಲ್ಲಿ ಪೂರ್ವ ಭಾಗದ ಹೆಚ್ಚುಕಡಿಮೆ ಎಲ್ಲ ಸೀಟುಗಳನ್ನು ಅವಾಮಿ ಲೀಗ್ ಗೆದ್ದಿತ್ತು. ಅಲ್ಲಿನವರದೇ ಹೋರಾಟದ ಪಡೆ ಮುಕ್ತಿ ಬಾಹಿನಿ ತಿಂಗಳುಗಟ್ಟಲೆ ಹೋರಾಡುತ್ತಿತ್ತು. ಮರುದಿನ ಯಾರು ಆಳಬೇಕು ಎಂಬ ಪ್ರಶ್ನೆಗೆ ಭಾರತ ಉತ್ತರ ಹುಡುಕಬೇಕಾಗಿರಲಿಲ್ಲ, ಉತ್ತರ ಅಲ್ಲೇ ಇತ್ತು.

ಅದೇ ಭಾರತ 1987ರಲ್ಲಿ ಶ್ರೀಲಂಕಾಕ್ಕೆ ಹೋಯಿತು. ಕರೆದ ಮೇಲೇ ಹೋದದ್ದು, ಒಪ್ಪಂದಕ್ಕೆ ಸಹಿ ಬಿದ್ದ ಮೇಲೇ. ಶಾಂತಿ ಕಾಯಲು ಹೋದವರು ಮೂರು ತಿಂಗಳೊಳಗೆ ಎಲ್‌ಟಿಟಿಇ ಜೊತೆ ಯುದ್ಧ ಮಾಡುತ್ತಿದ್ದರು. ಕೊನೆಗೆ ಅಲ್ಲಿನ ಸರ್ಕಾರಕ್ಕೂ ಬೇಡವಾದರು, ಎಲ್‌ಟಿಟಿಇಗೂ ಬೇಡವಾದರು, ತಮಿಳು ಜನರಿಗೂ ಬೇಡವಾದರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಡಗು ಹತ್ತುವಷ್ಟರಲ್ಲಿ 1,100ಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತಿದ್ದರು. ಮರುವರ್ಷ ರಾಜೀವ್ ಗಾಂಧಿಯ ಹತ್ಯೆ. ದೇಶ ಅದೇ, ಎರಡು ಅನುಭವಗಳ ಮಧ್ಯೆ ಬರೀ ಹದಿನಾರು ವರ್ಷ. ಹಾಗಾಗಿ "ಒಳ್ಳೆಯ ಉದ್ದೇಶ ಇದ್ದರೆ ಸಾಕು" ಎಂದು ನೀವು ಬರೆದಿದ್ದನ್ನು ನಾನು ಒಪ್ಪಲಾರೆ. ಕಾಪಾಡಲು ಬಂದಿದ್ದೇವೆ ಎಂದು ಹೇಳದೆ ಯಾವ ಸೇನೆ ಗಡಿ ದಾಟಿದೆ ಹೇಳಿ? 1938ರಲ್ಲಿ ಹಿಟ್ಲರ್ ಜೆಕೊಸ್ಲೊವಾಕಿಯಾದ ಜರ್ಮನರನ್ನು ಕಾಪಾಡುತ್ತೇನೆಂದ. 2022ರಲ್ಲಿ ಪುಟಿನ್ ಉಕ್ರೇನಿನ ದೊನ್‌ಬಾಸ್ ಜನರನ್ನು ಕಾಪಾಡುತ್ತೇನೆಂದರು.

ನಿಮ್ಮ ಪತ್ರದಲ್ಲಿ ಒಂದು ವಿಷಯ ಬಂದೇ ಇಲ್ಲ. ನನ್ನ ಸಂಪಾದಕೀಯದಲ್ಲೂ ಬರಲಿಲ್ಲ, ಬರಬೇಕಿತ್ತು. ನಾವಿಬ್ಬರೂ ಬಲಶಾಲಿ ದೇಶವನ್ನು ಹೊರಗೆ ನಿಂತು ಕೂಗು ಕೇಳಿಸಿಕೊಳ್ಳುವ ನೆರೆಯವನ ಹಾಗೆ ಚಿತ್ರಿಸಿದ್ದೇವೆ. ನಿಜದಲ್ಲಿ ಹೊಡೆಯುವವನ ಕೈಯಲ್ಲಿರುವ ದೊಣ್ಣೆ ಎಷ್ಟೋ ಸಲ ಆ ನೆರೆಯವನೇ ಕೊಟ್ಟದ್ದು. ರುವಾಂಡಾದ ಸೇನೆಗೆ ಆಯುಧ, ತರಬೇತಿ ಕೊಡುತ್ತಿದ್ದದ್ದು ಫ್ರಾನ್ಸ್. ಫ್ರಾನ್ಸ್ ಸರ್ಕಾರವೇ ನೇಮಿಸಿದ ಇತಿಹಾಸಕಾರರ ತಂಡ 2021ರಲ್ಲಿ, ಫ್ರಾನ್ಸ್‌ನ ಹೊಣೆ ಭಾರವಾದದ್ದು ಎಂದು ಬರೆದುಕೊಟ್ಟಿತು. 2015ರಿಂದ ಯೆಮೆನ್ ಮೇಲೆ ಸೌದಿ ನೇತೃತ್ವದ ಕೂಟ ಹಾಕಿದ ಬಾಂಬುಗಳಲ್ಲಿ ಅಮೆರಿಕ, ಬ್ರಿಟನ್ ಮಾರಿದ್ದು ಬೇಕಾದಷ್ಟಿವೆ. ಇಂಥ ಕಡೆ ಮಧ್ಯೆ ಹೋಗಬೇಕೋ ಬೇಡವೋ ಎಂದು ಕೇಳುವುದೇ ತಪ್ಪು, ಅವರು ಆಗಲೇ ಮಧ್ಯದಲ್ಲಿದ್ದಾರೆ. ಮೊದಲು ದೊಣ್ಣೆ ಕೊಡುವುದನ್ನು ನಿಲ್ಲಿಸಲಿ. ಅದಕ್ಕೆ ಒಬ್ಬ ಸೈನಿಕನೂ ಸಾಯಬೇಕಿಲ್ಲ.

ಮಲಗುವುದು, ಬಾಗಿಲು ಒಡೆಯುವುದು, ಇವೆರಡರ ನಡುವೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ, ಮತ್ತು ಅದನ್ನೇ ಯಾರೂ ಮಾಡುವುದಿಲ್ಲ. ರುವಾಂಡಾದಲ್ಲಿ ಒಂದು ರೇಡಿಯೋ ಇತ್ತು, ಆರ್‌ಟಿಎಲ್‌ಎಂ ಎಂದು. ತುತ್ಸಿಗಳನ್ನು ಜಿರಳೆಗಳು ಎಂದು ಕರೆಯುತ್ತಾ, ಯಾರು ಎಲ್ಲಿ ಅಡಗಿದ್ದಾರೆಂದು ಹೇಳಿ ಕೊಲ್ಲಿಸುತ್ತಿತ್ತು. ವಿಮಾನದಿಂದ ಅದರ ಪ್ರಸಾರ ತಡೆಯಬಹುದೇ ಎಂಬ ಮಾತು 1994ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದೊಳಗೆ ಬಂತು. ಅದು ಕೆಲಸಕ್ಕೆ ಬಾರದು, ದುಬಾರಿ, ಹಾರಾಟದ ಗಂಟೆಗೆ ಸುಮಾರು 8,500 ಡಾಲರ್ ಆಗುತ್ತದೆ ಎಂದು ಅಲ್ಲಿನ ರಕ್ಷಣಾ ಇಲಾಖೆ ಪೆಂಟಗನ್ ಬರೆಯಿತು. ರೇಡಿಯೋ ಮಾತಾಡುತ್ತಲೇ ಇತ್ತು.

"ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ನೇರವಾಗಿ ಹೇಳಿ" ಎಂದು ಕೇಳಿದ್ದೀರಿ. ಹೇಳುತ್ತೇನೆ. ಡಲ್ಲೇರ್ ಕೇಳಿದ ಸೈನಿಕರನ್ನು ಏಪ್ರಿಲ್‌ನಲ್ಲೇ ಕಳಿಸುತ್ತಿದ್ದೆ, ಮತ ಬೀಳುವುದನ್ನು ಕಾಯದೆ. ಬೆಂಗಾಜಿಯ ಹೊರಗೆ ಟ್ಯಾಂಕುಗಳನ್ನು ತಡೆದು, ಅವು ಹಿಂದೆ ಸರಿದ ಮೇಲೆ ವಿಮಾನ ನಿಲ್ಲಿಸಿ, ಆಫ್ರಿಕನ್ ಒಕ್ಕೂಟದವರ ಜೊತೆ ಮೇಜಿಗೆ ಕೂರುತ್ತಿದ್ದೆ, ಗಡಾಫಿ ಇನ್ನಷ್ಟು ದಿನ ಕುರ್ಚಿಯಲ್ಲಿ ಇರುತ್ತಾನೆ ಎಂದು ಗೊತ್ತಿದ್ದರೂ. ಇರಾಕ್‌ಗೆ ಹೋಗುತ್ತಿರಲಿಲ್ಲ. ಕೊಲೆ ಈಗ ನಡೆಯುತ್ತಿದ್ದರೆ, ತಡೆಯುವಷ್ಟಕ್ಕೆ ಮಾತ್ರ ಹೋಗುವುದಾದರೆ, ವಾಪಸ್ ಬರುವ ದಾರಿಯನ್ನು ಹೋಗುವ ಮೊದಲೇ ಬಹಿರಂಗವಾಗಿ ಹೇಳಿದ್ದರೆ, ನಾನು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ. ಸರ್ಕಾರ ಬದಲಿಸಲು ಹೊರಟ ದಿನ ನಿಮ್ಮ ಎದುರು ನಿಲ್ಲುತ್ತೇನೆ.

ಸಂಪಾದಕೀಯದ "ಎಂದಿಗೂ" ಅನ್ನುವ ಪದವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಈ ಸಂಚಿಕೆಯ ತಿದ್ದುಪಡಿಗಳ ಜಾಗದಲ್ಲಿ ಅದನ್ನು ಅಚ್ಚು ಹಾಕಿಸಿದ್ದೇನೆ. ನಿಮ್ಮ ಪತ್ರ, ಅಡಿಗೆರೆ ಸಮೇತ, ಪಕ್ಕದ ಪುಟದಲ್ಲಿ ಪೂರ್ತಿಯಾಗಿ ಇದೆ.

ಇಂತಿ,
ಸಂಪಾದಕ