ಅಮರ್ತ್ಯ ಸೇನ್ ಅವರ ಬರ್ಮಾ ಬಾಲ್ಯದ ಬಗ್ಗೆ

ಬರ್ಮಾದಲ್ಲಿ ಕಳೆದ ಬಾಲ್ಯವೇ ಅಮರ್ತ್ಯ ಸೇನ್ ಅವರನ್ನು ಅರ್ಥಶಾಸ್ತ್ರಕ್ಕೆ ತಂದಿತೇ ಎಂದು ಕೇಳಿದ್ದೀರಿ. ನನಗೆ ಹಾಗೆನ್ನಿಸುವುದಿಲ್ಲ. ತಂದೆ ಮ್ಯಾಂಡಲೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದಾಗ, ಮೂರರಿಂದ ಆರನೆಯ ವಯಸ್ಸಿನವರೆಗೆ ಅಲ್ಲಿದ್ದರು, ಅಷ್ಟೇ. ಅವರ ಮನಸ್ಸನ್ನು ಕಲಕಿದ್ದು 1943ರ ಬಂಗಾಳದ ಕ್ಷಾಮ. ಅದಕ್ಕಿಂತಲೂ ಹೆಚ್ಚಾಗಿ, ಢಾಕಾದ ಅವರ ಮನೆಯ ಬಾಗಿಲಿಗೆ ರಕ್ತ ಸುರಿಸುತ್ತಾ ಬಂದ ಕೂಲಿಕಾರ ಕಾದರ್ ಮಿಯಾ. ಗಲಭೆಯಿದೆ, ಹೋಗಬೇಡಿ ಎಂದು ಕಾದರ್ ಅವರ ಹೆಂಡತಿ ತಡೆದಿದ್ದರು. ಆದರೆ ಅವರ ಮನೆಯಲ್ಲಿ ತಿನ್ನಲು ಏನೂ ಇರಲಿಲ್ಲ. ಕೂಲಿಗೆಂದು ಬಂದವರು ಇರಿತಕ್ಕೆ ಸಿಕ್ಕಿ, ಆಸ್ಪತ್ರೆಯಲ್ಲಿ ತೀರಿಕೊಂಡರು. ಬಡತನವು ಮನುಷ್ಯನ ಸ್ವಾತಂತ್ರ್ಯವನ್ನೇ ಕಸಿಯುತ್ತದೆ ಎಂಬ ಸೇನ್ ಅವರ ಮುಂದಿನ ವಾದದ ಬೇರು ನನಗೆ ಇಲ್ಲಿಯೇ ಕಾಣುತ್ತದೆ. ಆದರೂ ನೇರವಾಗಿ ಅರ್ಥಶಾಸ್ತ್ರದತ್ತ ಹೊರಳಲಿಲ್ಲ: ಸಂಸ್ಕೃತ, ಗಣಿತ, ಭೌತಶಾಸ್ತ್ರಗಳ ಮೋಹ ದಾಟಿ, 1951ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನೂ 1953ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನೂ ಸೇರಿದರು.