ಬೀದಿದೀಪದ ದೂರು ಪೊಲೀಸರಿಗೆ ಯಾಕೆ?

ಓದುಗರ ಪತ್ರ: ನಮ್ಮ ಬಡಾವಣೆಯಲ್ಲಿ ಬೀಟ್ (ಗಸ್ತು ಪ್ರದೇಶ) ನೋಡಿಕೊಳ್ಳುವ ಪೊಲೀಸರು ಸಭೆ ಕರೆದಿದ್ದರು. ಜನ ಕಳ್ಳತನದ ವಿಷಯ ಬಿಟ್ಟು ಬೀದಿದೀಪ, ಕಸ, ಖಾಲಿ ಸೈಟಿನಲ್ಲಿ ಕುಡಿಯುವವರ ಬಗ್ಗೆಯೇ ಮಾತಾಡಿದರು. ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ಹುಡುಗರ ಮೇಲೆ ಕಣ್ಣಿಡಿ ಅಂದದ್ದೊಂದೇ ಕೆಲಸದ ಮಾತು. ಇಂಥ ಸಭೆ ಬೇಕೇ? – ಓದುಗ, ಮೈಸೂರು

ಸಂಪಾದಕರ ಉತ್ತರ: ಸಭೆ ಖಂಡಿತ ಬೇಕು. ಒಂದು ಬೀದಿಯಲ್ಲಿ ಕಳ್ಳತನ ಯಾವಾಗಲೋ ಒಮ್ಮೆ ಆಗುತ್ತದೆ, ಕತ್ತಲೆ ದಿನಾ ಇರುತ್ತದೆ. ಟ್ಯೂಷನ್ ಮುಗಿಸಿ ಬರುವ ಹುಡುಗಿ ಆ ಖಾಲಿ ಸೈಟಿಗೆ ಹೆದರಿ ಸುತ್ತಿ ಬಳಸಿ ಮನೆಗೆ ಹೋಗುತ್ತಾಳೆ. ಇದಕ್ಕೆ ಎಫ್‌ಐಆರ್ ಆಗುವುದಿಲ್ಲ. ಠಾಣೆಯ ಲೆಕ್ಕದಲ್ಲಿ ನಿಮ್ಮದು ಶಾಂತ ಬೀದಿ. ಅವಳ ಭಯ ಪೊಲೀಸರಿಗೆ ಗೊತ್ತಾಗುವುದು ಇಂಥ ಸಭೆಯಲ್ಲೇ ಅಲ್ವಾ?

ಅಮೆರಿಕದ ಶಿಕಾಗೊದಲ್ಲಿ 1993ರಲ್ಲಿ ಬೀಟ್ ಸಭೆಗಳ ಪ್ರಯೋಗ ಶುರುವಾಯಿತು. ಅಲ್ಲಿಯೂ ಜನ ಡ್ರಗ್ಸ್ ಜೊತೆಗೆ ಪಾಳು ಕಟ್ಟಡ, ಬಿಟ್ಟುಹೋದ ಕಾರು, ಗೋಡೆಬರಹದ ದೂರು ತಂದರು. ಬೀಟ್ ಪೊಲೀಸರು ಬರೆದು ಕಳಿಸಿದ ಇಂಥ ಮನವಿಗಳಿಗೆ ನಗರಾಡಳಿತದ ಬೇರೆ ಇಲಾಖೆಗಳು ಆದ್ಯತೆ ಕೊಡುವ ಏರ್ಪಾಡೂ ಆಯಿತು. ನಮ್ಮಲ್ಲಿ ಸೊರಗಿರುವುದು ಈ ಕೊಂಡಿಯೇ. ಕರ್ನಾಟಕದಲ್ಲಿ 2017ರ ಸುಧಾರಿತ ಬೀಟ್ ವ್ಯವಸ್ಥೆ ಪ್ರತಿ ಬೀಟ್‌ಗೂ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿತು. 2025ರ ಜುಲೈನಲ್ಲಿ ಪೊಲೀಸರೇ ಮನೆಗೆ ಬಂದು ಅಹವಾಲು ಕೇಳುವ ‘ಮನೆ ಮನೆಗೆ ಪೊಲೀಸ್’ ಯೋಜನೆ ಬಂತು. ಒಳ್ಳೆಯದೇ. ಆದರೆ ದೀಪ, ಕಸ ಎರಡೂ ಪಾಲಿಕೆಯ ಕೈಯಲ್ಲಿವೆ. ಕಾನ್‌ಸ್ಟೆಬಲ್ ಬರೆದುಕೊಂಡು ಹೋಗಬಹುದು, ಪಾಲಿಕೆಗೆ ಆದೇಶ ಕೊಡಲಾರರು. ಹೇಳಿದ್ದು ಆಗದಿದ್ದರೆ ಜನ ಸಭೆಗೆ ಬರುವುದನ್ನೇ ಬಿಡುತ್ತಾರೆ. ಹಾಗಾಗಿ ವಾರ್ಡಿನ ಎಂಜಿನಿಯರ್, ಆರೋಗ್ಯ ನಿರೀಕ್ಷಕರನ್ನೂ ಸಭೆಗೆ ಕರೆಸಿ ಅಂತ ಪಟ್ಟು ಹಿಡಿಯಿರಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಪಿ.ಜಿ. ಹುಡುಗರ ಮಾತು. ಅವರು ಏನು ಮಾಡಿದರು ಅಂತ ನೀವು ಬರೆದಿಲ್ಲ. ಗಲಾಟೆ ಮಾಡಿದ್ದರೆ, ಯಾರನ್ನಾದರೂ ಚುಡಾಯಿಸಿದ್ದರೆ ಆ ಘಟನೆಯನ್ನೇ ಹೇಳಿ, ಪೊಲೀಸರು ವಿಚಾರಿಸಲಿ. ಸುಮ್ನೆ ಹೊರಗಿನವರು ಅಂತ ಕಣ್ಣಿಡಿ ಅನ್ನುವುದು ಅನ್ಯಾಯ. ಹಾಗೆ ಕಣ್ಣಿಟ್ಟರೆ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗನನ್ನು ದಿನಾ ತಡೆದು ನಿಲ್ಲಿಸುತ್ತಾರೆ ಅಷ್ಟೇ.

ಸಭೆಗೆ ಎಲ್ಲರೂ ಬರುವುದಿಲ್ಲ ಅನ್ನುವ ಕೊರತೆ ಶಿಕಾಗೊದ ಸಭೆಗಳನ್ನು ಅಧ್ಯಯನ ಮಾಡಿದವರಿಗೂ ಕಂಡಿತ್ತು. ಸ್ವಂತ ಮನೆಯವರು, ವಯಸ್ಸಾದವರು ಜಾಸ್ತಿ ಬರುತ್ತಿದ್ದರು. ಲ್ಯಾಟಿನ್ ಅಮೆರಿಕದ ಮೂಲದವರು ಅವರ ಸಂಖ್ಯೆಗೆ ತಕ್ಕಂತೆ ಬರುತ್ತಿರಲಿಲ್ಲ. ನಿಮ್ಮ ಸಭೆಗೆ ಬಾಡಿಗೆಯವರು ಬಂದಿದ್ದರೇ? ಮನೆಗೆಲಸದ ಹೆಂಗಸರು, ತಳ್ಳುಗಾಡಿಯವರು? ಬೆಳಗಿನ ಜಾವ, ತಡರಾತ್ರಿ ಆ ಬೀದಿಯಲ್ಲಿ ಓಡಾಡುವವರು ಅವರೇ. ಖಾಲಿ ಸೈಟಿನಲ್ಲಿ ಏನು ನಡೆಯುತ್ತದೆ ಅನ್ನುವುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮುಂದಿನ ಸಭೆಯನ್ನು ಭಾನುವಾರ ಸಂಜೆ ಇಡಿಸಿ. ಪಿ.ಜಿ.ಗೆ ನೀವೇ ಹೋಗಿ ಆ ಹುಡುಗರನ್ನು ಕರೆಯಿರಿ.